ಗರಗಸದವನಿಗೆ ಸಿಕ್ಕ ಗೂಡು

ಹಕ್ಕಿ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಮಾರ್ಬಲ್ಡ್ ಮರ್ರೆಲೆಟ್‌ಗೆ ಶಾಸ್ತ್ರೀಯ ಹೆಸರು ಬಿದ್ದದ್ದು 1789ರಲ್ಲಿ. ಪಾರಿವಾಳಕ್ಕಿಂತ ಚಿಕ್ಕ ಕಡಲಹಕ್ಕಿ ಇದು. ರೆಕ್ಕೆಯನ್ನೇ ಹುಟ್ಟು ಮಾಡಿಕೊಂಡು ನೀರೊಳಗೆ ಮೀನಿನ ಬೆನ್ನು ಹತ್ತುತ್ತದೆ. ಅಲಾಸ್ಕದಿಂದ ಕ್ಯಾಲಿಫೋರ್ನಿಯಾದವರೆಗೆ ದಡದಲ್ಲಿ ನಿಂತವರಿಗೂ ಕಾಣುತ್ತದೆ. ಆದರೆ ಅದು ಮೊಟ್ಟೆಯಿಡುವುದು ಎಲ್ಲಿ?

ಅದರ ದಾಯಾದಿಗಳಲ್ಲಿ ಹೆಚ್ಚಿನವು ಕಡಲಬಂಡೆಯ ಸಂದಿನಲ್ಲೋ ಮಣ್ಣಿನ ಬಿಲದಲ್ಲೋ ಮರಿ ಮಾಡುವವು. ಹುಡುಕುವವರೂ ಅಲ್ಲೇ ಹುಡುಕಿದರು. ಅತ್ತ ಕರಾವಳಿಯ ಕಾಡಿನಲ್ಲಿ ಮರ ಕಡಿಯುವವರಿಗೆ ಮುಂಜಾನೆಯ ಮಂಜಿನಲ್ಲಿ ‘ಕೀರ್, ಕೀರ್’ ಎಂದು ಕೂಗುತ್ತ ತಲೆಯ ಮೇಲೆ ಹಾದುಹೋಗುವ ಹಕ್ಕಿಯೊಂದು ಗೊತ್ತಿತ್ತು. ಅದನ್ನವರು ‘ಫಾಗ್ ಲಾರ್ಕ್’ ಎನ್ನುತ್ತಿದ್ದರು. ಎರಡೂ ಒಂದೇ ಎಂದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ನನ್ನನ್ನು ಕೇಳಿದರೆ, ದೊಡ್ಡ ಸುಳಿವು ಅದರ ಮೈಮೇಲೇ ಇತ್ತು. ಈ ಬಳಗದ ಹೆಚ್ಚಿನ ಹಕ್ಕಿಗಳು ಸಂತಾನಕಾಲದಲ್ಲೂ ಕಪ್ಪು-ಬಿಳುಪು. ಇದು ಮಾತ್ರ ಆಗ ಮರದ ತೊಗಟೆಯ ಕಂದು ಬಣ್ಣಕ್ಕೆ ತಿರುಗುತ್ತದೆ. ಕಡಲಲ್ಲಿ ಬದುಕುವ ಹಕ್ಕಿಗೆ ತೊಗಟೆಯ ಬಣ್ಣ ಯಾಕೆ ಬೇಕು?

1961ರಲ್ಲಿ ರಷ್ಯಾದ ಓಖೋಟ್‌ಸ್ಕ್ ಬಳಿ ಲಾರ್ಚ್ ಮರದ ಮೇಲೆ ಇದರ ಏಷ್ಯಾದ ನಂಟನ ಗೂಡು ಸಿಕ್ಕಿತು. ಆಗ ಅದನ್ನು ಇದೇ ಪ್ರಭೇದವೆಂದೇ ಎಣಿಸುತ್ತಿದ್ದರು. ಅಮೆರಿಕದಲ್ಲಿ ಹುಡುಕಾಟ ನಿಲ್ಲಲಿಲ್ಲ. 1970ರಲ್ಲಿ, ಗೂಡು ತೋರಿಸಿದವರಿಗೆ 100 ಡಾಲರ್ ಬಹುಮಾನವೆಂದೂ ಸಾರಲಾಯಿತು.

ಕೊನೆಗೆ ಕಂಡವನು ಪಕ್ಷಿತಜ್ಞನಲ್ಲ. 1974ರ ಆಗಸ್ಟ್ 7ರಂದು ಕ್ಯಾಲಿಫೋರ್ನಿಯಾದ ಬಿಗ್ ಬೇಸಿನ್ ರೆಡ್‌ವುಡ್ಸ್ ಉದ್ಯಾನದಲ್ಲಿ, ಜನ ಡೇರೆ ಹಾಕುವ ಜಾಗದ ಮೇಲೆ ಚಾಚಿದ್ದ ಅಪಾಯದ ಕೊಂಬೆ ತೆಗೆಯಲು ಹೊಯ್ಟ್ ಫಾಸ್ಟರ್ ಡಗ್ಲಸ್ ಫರ್ ಮರ ಹತ್ತಿದ್ದ. ನೆಲದಿಂದ ಸುಮಾರು 45 ಮೀಟರ್ ಎತ್ತರ. ಅಗಲವಾದ ಕೊಂಬೆಯ ಮೇಲೆ ಹಾವಸೆ ದಪ್ಪಗೆ ಬೆಳೆದಿತ್ತು. ಅದರ ನಡುವೆ ಒಂದು ತಗ್ಗು, ಸುತ್ತ ಹಿಕ್ಕೆಯ ಬಳೆ. ಕಡ್ಡಿಯಿಲ್ಲ, ನಾರಿಲ್ಲ. ಒಳಗೆ ನವಿರು ತುಪ್ಪಳದ ಒಂಟಿ ಮರಿ. ಕಾಲಿಗೆ ಬಾತಿನಂಥ ಜಾಲಪಾದ! ಮರದ ತುದಿಯಲ್ಲಿ ಈಜುಗಾಲಿನ ಮರಿಗೇನು ಕೆಲಸ? ಅದು ಮರ್ರೆಲೆಟ್ ಮರಿಯೆಂದು ತಜ್ಞರು ಗುರುತಿಸಿ, 1975ರಲ್ಲಿ ವರದಿ ಪ್ರಕಟಿಸಿದರು.

ಅಷ್ಟು ಅಗಲದ, ಹಾವಸೆ ಹೊದ್ದ ಕೊಂಬೆ ಎಳೆಯ ಮರದಲ್ಲಿ ಸಿಗುವುದಿಲ್ಲ. ಹಳೆಗಾಡು ಕರಗಿದ ಹಾಗೆ ಹಕ್ಕಿಯೂ ಕರಗುತ್ತ ಬಂದದ್ದು ಯಾಕೆಂದು ಆಮೇಲೆ ಅರ್ಥವಾಯಿತು. 1992ರಲ್ಲಿ ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯಾಗಳಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಅಲ್ಲಿನ ಹಳೆಗಾಡುಗಳಲ್ಲಿ ಮರ ಕಡಿಯುವ ಮೊದಲು ಸಮೀಕ್ಷೆಯವರು ಬೆಳಕು ಹರಿಯುವ ಮುನ್ನವೇ ಹೋಗಿ ನಿಂತು, ಆ ಕೂಗಿಗೆ ಕಿವಿಗೊಡುತ್ತಾರೆ.