ಮೂತ್ರಪಿಂಡದೊಳಗಣ ಆಮ್ಲಜನಕದ ಬಡತನ

ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದರಲ್ಲೊಂದು ಪಾಲು ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿಗೇ ಹರಿಯುತ್ತದೆ. ಇಂತಹ ಶ್ರೀಮಂತ ಅಂಗಕ್ಕೆ ಆಮ್ಲಜನಕದ ಕೊರತೆಯೆ? ಆಶ್ಚರ್ಯವಾದರೂ ನಿಜ. ಆ ರಕ್ತದ ಬಹುಭಾಗವು ಹೊರಪದರದಲ್ಲಿಯೇ ಸುತ್ತಿ ಹಿಂದಿರುಗುತ್ತದೆ. ಒಳಭಾಗಕ್ಕೆ ಇಳಿಯುವ ಮತ್ತು ಅಲ್ಲಿಂದ ಮೇಲೇರುವ ಸೂಕ್ಷ್ಮ ರಕ್ತನಾಳಗಳು ಒತ್ತೊತ್ತಾಗಿ ಸಾಗುವುದರಿಂದ, ಆಮ್ಲಜನಕವು ದಾರಿಯಲ್ಲಿಯೇ ಒಂದರಿಂದ ಮತ್ತೊಂದಕ್ಕೆ ಸೋರಿಹೋಗುತ್ತದೆ. ಹೊರಪದರದಲ್ಲಿ ಸುಮಾರು 50 ಮಿಲಿಮೀಟರು ಪಾದರಸದಷ್ಟಿರುವ ಅದರ ಒತ್ತಡವು ಒಳಗೆ 10-20ಕ್ಕೆ ಇಳಿಯುತ್ತದೆ. ಲವಣವನ್ನು ಮರಳಿ ಸೆಳೆದುಕೊಳ್ಳುವ ಶ್ರಮದ ಕೆಲಸವೂ ಅಲ್ಲಿಯೇ ನಡೆಯಬೇಕು! ಆದುದರಿಂದ, ವಾಂತಿಭೇದಿಯಿಂದಲೋ ರಕ್ತಸ್ರಾವದಿಂದಲೋ ರಕ್ತದೊತ್ತಡವು ಕುಸಿದಾಗ ಅಲ್ಲಿನ ನಾಳಿಕೆಗಳ ಜೀವಕೋಶಗಳು ಬಹುಬೇಗ ಬಳಲಿ ಸಾಯುತ್ತವೆ, ಮೂತ್ರವೇ ನಿಂತುಹೋಗಬಹುದು. ಬದುಕುಳಿದ ಕೋಶಗಳು ವಿಭಜನೆಗೊಂಡು ಬರಿದಾದ ನಾಳಿಕೆಯ ಗೋಡೆಯನ್ನು ಮತ್ತೆ ಹೊದಿಸಬಲ್ಲವು. ಆದರೆ ಸುತ್ತಣ ಲೋಮನಾಳಗಳೂ ನಾಶವಾಗಿದ್ದರೆ ಆಮ್ಲಜನಕವು ಸಾಲದೆ, ನಾರುಗಟ್ಟಿದ ಕಲೆ ಬೆಳೆದು, ಆ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.