ಗೋದಾಮಿನ ಓಣಿಗಳಲ್ಲಿ ಹತ್ತಿರದ ದಾರಿ

ಆರ್ಡರ್ ಬಂದ ಮೇಲೆ ಬೇಕಾದ ಸರಕುಗಳನ್ನು ರ್ಯಾಕುಗಳಿಂದ ಆರಿಸಿ ಪ್ಯಾಕಿಂಗ್ ಟೇಬಲ್ಲಿಗೆ ತರುವ ಕೆಲಸಕ್ಕೆ ಗೋದಾಮುಗಳಲ್ಲಿ ಪಿಕಿಂಗ್ ಎನ್ನುತ್ತಾರೆ. ನೋಡುವವರಿಗೆ ಇದು ಸಣ್ಣ ಕೆಲಸ. ಆದರೆ ಗೋದಾಮು ನಡೆಸುವ ಖರ್ಚಿನಲ್ಲಿ ಸುಮಾರು ಶೇ. 55ರಷ್ಟು ಇದಕ್ಕೇ ಹೋಗುತ್ತದೆ ಎಂಬುದು ಈ ವಿಷಯದ ಪಠ್ಯಪುಸ್ತಕಗಳು ಬಹುಕಾಲದಿಂದ ಕೊಡುತ್ತ ಬಂದಿರುವ ಲೆಕ್ಕ. ಪಿಕರ್‌ಗಳ ವೇಳೆಯಲ್ಲಿ ಅರ್ಧದಷ್ಟು ಬರಿಯ ನಡಿಗೆಯಲ್ಲೇ ಕಳೆಯುತ್ತದೆ. ಹುಡುಕುವುದು, ಎತ್ತಿಕೊಳ್ಳುವುದು, ಸ್ಕ್ಯಾನ್ ಮಾಡುವುದೆಲ್ಲ ಉಳಿದರ್ಧದಲ್ಲಿ. ನೆಲಮಂಗಲ, ಹೊಸಕೋಟೆ, ಮಾಲೂರುಗಳ ಸುತ್ತ ಎದ್ದಿರುವಂಥ ದೊಡ್ಡ ಗೋದಾಮುಗಳಲ್ಲಿ ಒಂದು ಪಾಳಿ ಮುಗಿಯುವ ಹೊತ್ತಿಗೆ ಟ್ರಾಲಿ ತಳ್ಳುವವರು ಹಲವು ಕಿಲೋಮೀಟರ್ ನಡೆದಿರುತ್ತಾರೆ. ಯಾವ ಓಣಿಗೆ ಮೊದಲು ಹೋಗಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಚೆನ್ನಾಗಿ ಗೊತ್ತುಮಾಡಿಕೊಟ್ಟರೆ ದುಡ್ಡೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಗೊತ್ತುಮಾಡುವುದು ಸುಲಭವಲ್ಲ. 10 ಜಾಗಗಳಿಂದ ಸರಕು ತರಬೇಕಾದರೆ ಅವನ್ನು ಮುಟ್ಟುವ ಕ್ರಮಗಳು 36,28,800. ಜಾಗಗಳು 15 ಆದರೆ ಕ್ರಮಗಳು 1.3 ಲಕ್ಷ ಕೋಟಿ ದಾಟುತ್ತವೆ. ಹಲವು ಊರುಗಳನ್ನು ಸುತ್ತಿ ಹೊರಟಲ್ಲಿಗೇ ಮರಳಬೇಕಾದ ವ್ಯಾಪಾರಿಗೆ ಎಲ್ಲಕ್ಕಿಂತ ಹತ್ತಿರದ ದಾರಿ ಯಾವುದು ಎಂಬ ಹೆಸರಾಂತ ಗಣಿತ ಸಮಸ್ಯೆಯ ಕುಲದ್ದೇ ಇದು. ಆ ಸಮಸ್ಯೆಗೆ ಎಲ್ಲ ಸಂದರ್ಭಕ್ಕೂ ಸಲ್ಲುವ, ಬೇಗ ಉತ್ತರ ಕೊಡುವ ವಿಧಾನ ಇನ್ನೂ ಸಿಕ್ಕಿಲ್ಲ. ಗೋದಾಮಿಗಾದರೋ ಒಂದು ಅನುಕೂಲವಿದೆ. ಊರುಗಳು ಮನಬಂದಂತೆ ಹರಡಿಕೊಂಡಿರುತ್ತವೆ, ರ್ಯಾಕುಗಳು ಸಾಲಾಗಿ ನಿಂತಿರುತ್ತವೆ. ಓಣಿಯೊಳಗೆ ಹೋದವರು ಹೊರಬರಲು ಇರುವುದು ಎರಡೇ ಬಾಯಿ.

ಈ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಂಡವರು ಅಮೆರಿಕದ ರಾಟ್ಲಿಫ್ ಮತ್ತು ರೊಸೆಂಥಾಲ್. 1983ರಲ್ಲಿ ‘ಆಪರೇಷನ್ಸ್ ರಿಸರ್ಚ್’ ಪತ್ರಿಕೆಯಲ್ಲಿ ಬಂದ ಅವರ ಲೇಖನ ಈ ಕ್ಷೇತ್ರದ ಬುನಾದಿ. ಮುಂದೊಂದು ಹಿಂದೊಂದು ಅಡ್ಡ ಓಣಿ ಇರುವ ಆಯತಾಕಾರದ ಗೋದಾಮಿನಲ್ಲಿ, ಹತ್ತಿರದ ದಾರಿ ಹುಡುಕುವಾಗ ಪ್ರತಿ ಓಣಿಗೂ ಆರೇ ಸಾಧ್ಯತೆಗಳನ್ನು ನೋಡಿದರೆ ಸಾಕು ಎಂದು ಅವರು ತೋರಿಸಿದರು: ಪೂರ್ತಿ ದಾಟುವುದು, ಎರಡು ಸಲ ದಾಟುವುದು, ಮುಂದಿನಿಂದ ಹೋಗಿ ಮರಳುವುದು, ಹಿಂದಿನಿಂದ ಬಂದು ಮರಳುವುದು, ಎರಡೂ ಕಡೆಯಿಂದ ಹೊಕ್ಕು ನಡುವೆ ಒಂದು ಭಾಗವನ್ನು ಬಿಟ್ಟುಬಿಡುವುದು, ಒಳಗೆ ಹೋಗದಿರುವುದು. ಎಡದಿಂದ ಬಲಕ್ಕೆ ಒಂದೊಂದೇ ಓಣಿ ಸೇರಿಸುತ್ತ, ಪ್ರತಿ ಹಂತದಲ್ಲೂ ಒಂದೊಂದು ಬಗೆಯ ಅರೆದಾರಿಗಳಲ್ಲಿ ಅತಿ ಚಿಕ್ಕದನ್ನಷ್ಟೇ ಉಳಿಸಿಕೊಂಡು ಹೋದರೆ ಕೊನೆಗೆ ಸಿಗುವುದು ನಿಜಕ್ಕೂ ಅತಿ ಹತ್ತಿರದ ದಾರಿ. ಓಣಿಗಳು ಎರಡು ಪಟ್ಟಾದರೆ ಲೆಕ್ಕವೂ ಸುಮಾರು ಎರಡು ಪಟ್ಟಾಗುತ್ತದೆ, ಕೋಟಿ ಪಟ್ಟಲ್ಲ. ನಡುವೆಯೂ ಒಂದು ಅಡ್ಡ ಓಣಿ ಇರುವ ಗೋದಾಮಿಗೆ ಈ ವಿಧಾನವನ್ನು 2001ರಲ್ಲಿ ನೆದರ್ಲೆಂಡ್ಸ್‌ನ ರೋಡ್‌ಬರ್ಗನ್ ಮತ್ತು ಡಿ ಕೋಸ್ಟರ್ ವಿಸ್ತರಿಸಿದರು.

ಇಷ್ಟಾದರೂ ಬಹಳಷ್ಟು ಗೋದಾಮುಗಳು ಸರಳ ನಿಯಮಗಳನ್ನೇ ನೆಚ್ಚಿಕೊಂಡಿವೆ. ಅತಿ ಬಳಕೆಯದು ಹಾವಿನ ನಡೆ. ಸರಕಿರುವ ಓಣಿಯನ್ನು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಟು, ನೇಗಿಲು ಹೂಡಿದವರು ಸಾಲಿನ ಕೊನೆಯಲ್ಲಿ ಎತ್ತು ತಿರುಗಿಸಿದಂತೆ, ಮುಂದಿನ ಓಣಿಗೆ ತಿರುಗುವುದು. ಇನ್ನೊಂದು ನಿಯಮದಲ್ಲಿ ಪಿಕರ್‌ಗಳು ಹೊಕ್ಕ ಬಾಯಿಂದಲೇ ಮರಳುತ್ತಾರೆ. ಮೂರನೆಯದರಲ್ಲಿ ಮೊದಲ ಮತ್ತು ಕೊನೆಯ ಓಣಿಗಳನ್ನಷ್ಟೇ ಪೂರ್ತಿ ದಾಟುತ್ತಾರೆ. ಉಳಿದವುಗಳಲ್ಲಿ ಎರಡು ಸರಕುಗಳ ನಡುವಿನ, ಇಲ್ಲವೆ ಸರಕಿಗೂ ಓಣಿಯ ಬಾಯಿಗೂ ನಡುವಿನ ಅತಿ ದೊಡ್ಡ ಅಂತರವನ್ನು ತುಳಿಯದೆ ಬಿಡುತ್ತಾರೆ.

30 ಮೀಟರ್ ಉದ್ದದ ಓಣಿಯೊಂದರಲ್ಲಿ 4ನೇ ಮತ್ತು 26ನೇ ಮೀಟರಿನಲ್ಲಿ ಸರಕಿದೆ ಎನ್ನೋಣ. ಹಾವಿನ ನಡೆಗೆ 30 ಮೀಟರ್, ಮುಂದಿನಿಂದಲೇ ಹೋಗಿ ಮರಳಿದರೆ 52. ನಡುವಿನ 22 ಮೀಟರ್ ಬಿಟ್ಟು ಎರಡೂ ಕಡೆಯಿಂದ ಹೊಕ್ಕು ಬಂದರೆ 16 ಸಾಕು. ಅದೇ ಓಣಿಯಲ್ಲಿ 4, 11, 19, 26ನೇ ಮೀಟರುಗಳಲ್ಲಿ ನಾಲ್ಕು ಸರಕುಗಳಿದ್ದರೆ ದೊಡ್ಡ ಅಂತರ 8 ಮೀಟರಿಗೆ ಇಳಿಯುತ್ತದೆ, ನಡಿಗೆ 44ಕ್ಕೆ ಏರುತ್ತದೆ. ಆಗ ಹಾವಿನ ನಡೆಯೇ ಲೇಸು. ಓಣಿಗೆ ಸರಾಸರಿ ನಾಲ್ಕಕ್ಕಿಂತ ಕಡಿಮೆ ಸರಕಿದ್ದರೆ ಅಂತರ ಬಿಡುವ ನಿಯಮ ಗೆಲ್ಲುತ್ತದೆ, ಹೆಚ್ಚಿದ್ದರೆ ಹಾವಿನ ನಡೆ ಗೆಲ್ಲುತ್ತದೆ ಎಂಬುದು ಸ್ಥೂಲವಾದ ಅಳತೆ.

ಜನ ತುಂಬಿದ ಗೋದಾಮಿನಲ್ಲಿ ಇನ್ನೊಂದು ತೊಡಕಿದೆ. ಮೇಲಿನ ಲೆಕ್ಕಗಳೆಲ್ಲ ಒಬ್ಬರೇ ನಡೆಯುತ್ತಿದ್ದಾರೆ ಎಂದುಕೊಂಡು ಹಾಕಿದವು. ಕಿರಿದಾದ ಓಣಿಯಲ್ಲಿ ಎರಡು ಟ್ರಾಲಿ ಎದುರಾದರೆ ಒಂದು ಹಿಂದೆ ಸರಿಯಲೇಬೇಕು. ಹತ್ತಿರದ ದಾರಿ ಆಗ ತಡದ ದಾರಿಯಾಗುತ್ತದೆ. ಏಕಮುಖವಾಗಿ ಹರಿಯುವ ಹಾವಿನ ನಡೆಗೆ ಇಲ್ಲಿ ಮೇಲುಗೈ. ಭಾರದ ಪ್ರಶ್ನೆಯೂ ಉಂಟು. ಅಕ್ಕಿ ಮೂಟೆ ಮೊದಲು, ಮೊಟ್ಟೆ ಕೊನೆಗೆ ಬರಬೇಕು. ಅದಕ್ಕಾಗಿ ನಾಲ್ಕು ಹೆಜ್ಜೆ ಹೆಚ್ಚಾದರೂ ಸರಿಯೇ.

ದಾರಿಯ ಉದ್ದ ಬಹುಮಟ್ಟಿಗೆ ನಿರ್ಧಾರವಾಗುವುದು ನಡೆಯತೊಡಗುವ ಮೊದಲೇ. ಹೆಚ್ಚು ಬಿಕರಿಯಾಗುವ ಸರಕನ್ನು ಪ್ಯಾಕಿಂಗ್ ಟೇಬಲ್ಲಿನ ಹತ್ತಿರ ಇಟ್ಟರೆ ನಡಿಗೆ ಮೊಟಕಾಗುತ್ತದೆ. ಅಂಥದ್ದನ್ನೆಲ್ಲ ಒಂದೇ ಓಣಿಯಲ್ಲಿ ತುಂಬಿದರೆ ಅಲ್ಲೇ ನೂಕುನುಗ್ಗಲು, ಆದ್ದರಿಂದ ಹಲವು ಓಣಿಗಳ ಬಾಯಲ್ಲಿ ಹಂಚಿಡುವುದು ಮೇಲು. ಹತ್ತಿರ ಹತ್ತಿರದ ಸರಕು ಬೇಡುವ ಆರ್ಡರ್‌ಗಳನ್ನು ಕೂಡಿಸಿ ಒಂದೇ ಸುತ್ತಿನಲ್ಲಿ ತಂದರೆ ಆರ್ಡರಿಗೆ ತಗಲುವ ನಡಿಗೆ ಬಹಳ ಇಳಿಯುತ್ತದೆ. ಕೆಲವೇ ನಿಮಿಷಗಳಲ್ಲಿ ದಿನಸಿ ತಲುಪಿಸುತ್ತೇವೆನ್ನುವ ನಗರದ ಪುಟ್ಟ ಅಂಗಡಿಗಳಿಗೆ ಹೀಗೆ ಆರ್ಡರ್‌ಗಳಿಗಾಗಿ ಕಾಯುವ ಪುರಸೊತ್ತಿಲ್ಲ; ಅಲ್ಲಿ ಸರಕು ಎಲ್ಲಿಟ್ಟಿದೆ ಎಂಬುದೇ ಮುಖ್ಯ.

ನಡಿಗೆಯನ್ನೇ ತೆಗೆದುಹಾಕುವ ದಾರಿಯೂ ಇದೆ. ರೋಬೋಟುಗಳು ರ್ಯಾಕನ್ನೇ ಹೊತ್ತು ಕೆಲಸಗಾರರ ಬಳಿ ತರುವ ವ್ಯವಸ್ಥೆ ರೂಪಿಸಿದ್ದ ಕಿವಾ ಸಿಸ್ಟಮ್ಸ್ ಕಂಪನಿಯನ್ನು ಅಮೆಜಾನ್ 2012ರಲ್ಲಿ 77.5 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿ ದಾರಿಯ ಲೆಕ್ಕ ಮನುಷ್ಯರಿಂದ ರೋಬೋಟುಗಳಿಗೆ ವರ್ಗವಾಗುತ್ತದೆ: ನೂರಾರು ಯಂತ್ರಗಳು ಒಂದಕ್ಕೊಂದು ಅಡ್ಡ ಬರದಂತೆ ಓಡಾಡಬೇಕು. ಅಂಥ ಬಂಡವಾಳವಿಲ್ಲದ ಗೋದಾಮುಗಳಲ್ಲಿ ನಡೆಯುವವರು ಮನುಷ್ಯರೇ. ಸ್ಕ್ಯಾನರ್ ತೋರಿಸಿದ ದಾರಿ ಅಡ್ಡಾದಿಡ್ಡಿಯಾಗಿ ಕಂಡರೆ ಅವರು ಅದನ್ನು ಬಿಟ್ಟು ತಮಗೆ ಸರಿಕಂಡ ಕಡೆಗೆ ಹೋಗುತ್ತಾರೆ. ಎಷ್ಟೋ ಸಲ ಅವರದೇ ಸರಿ, ಯಾವ ಓಣಿಯಲ್ಲಿ ಪ್ಯಾಲೆಟ್ ಅಡ್ಡ ನಿಂತಿದೆ ಎಂಬುದು ಸಾಫ್ಟ್‌ವೇರಿಗೆ ತಿಳಿದಿರುವುದಿಲ್ಲ. ಅದಕ್ಕೇ ಅರ್ಥವಾಗುವ, ನೆನಪಿನಲ್ಲಿ ನಿಲ್ಲುವ ದಾರಿ ಲೆಕ್ಕದ ಅತಿ ಚಿಕ್ಕ ದಾರಿಗಿಂತ ಎಷ್ಟೋ ಕಡೆ ಒಳ್ಳೆಯ ಫಲ ಕೊಡುತ್ತದೆ. ದಾರಿ ಮೊಟಕಾದ ಕೂಡಲೇ ಗಂಟೆಗೆ ಇಷ್ಟು ಸರಕು ಎಂಬ ಗುರಿಯನ್ನು ಏರಿಸಿಬಿಟ್ಟರೆ ಉಳಿದ ನಡಿಗೆ ಮತ್ತೆ ಅದೇ ಕಾಲುಗಳ ಮೇಲೆ ಬೀಳುತ್ತದೆ. ಗುರಿ ನಿಗದಿಪಡಿಸುವವರು ಉಳಿತಾಯದಲ್ಲಿ ಒಂದು ಪಾಲನ್ನು ನಡೆಯುವವರ ವಿಶ್ರಾಂತಿಗೆ ಬಿಟ್ಟುಕೊಡಬೇಕು.