ಮರಳಿ ಬರುವ ಹಾದಿಯ ಲೆಕ್ಕ

ಹುಣ್ಣಿಮೆ ಅಮಾವಾಸ್ಯೆಗಳು ತಪ್ಪದೆ ಬರುವುವೆಂಬ ಭರವಸೆಯ ಮೇಲೆಯೇ ನಮ್ಮ ಪಂಚಾಂಗವು ನಿಂತಿದೆ. ಹೊರಟ ಸ್ಥಳಕ್ಕೆ, ಹೊರಟ ವೇಗದಲ್ಲಿಯೇ ಮರಳಿ ಬರುವ ಚಲನೆಗೆ ಗಣಿತಜ್ಞರು ಆವರ್ತ ಚಲನೆಯೆಂದು ಹೆಸರಿಟ್ಟಿದ್ದಾರೆ. ಇಂತಹ ಮರಳುವಿಕೆಯನ್ನು ಲೆಕ್ಕದಿಂದ ಸಿದ್ಧಪಡಿಸುವುದು ಎಷ್ಟು ಕಷ್ಟವೆಂಬುದು ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

ಎರಡೇ ಗೋಲಗಳು ಪರಸ್ಪರ ಆಕರ್ಷಿಸುತ್ತಿದ್ದರೆ ತೊಡಕಿಲ್ಲ. ೧೬೮೭ರಲ್ಲಿಯೇ ನ್ಯೂಟನ್ನನು ಅದನ್ನು ಬಿಡಿಸಿ ತೋರಿಸಿದನು. ಮೂರನೆಯದೊಂದು ಸೇರಿತೆಂದರೆ, ಚಲನೆಯ ಅವಕಲ ಸಮೀಕರಣಗಳನ್ನು ಬರೆಯಬಹುದೇ ಹೊರತು, ಎಲ್ಲ ಸಂದರ್ಭಗಳಿಗೂ ಸಲ್ಲುವ ಸರಳ ಸೂತ್ರವು ದೊರೆಯದು. ಗೋಲಗಳನ್ನು ಕ್ಷಣಕ್ಷಣವೂ ಹಿಂಬಾಲಿಸಿದರೂ ಅವು ಎಂದಾದರೂ ಮರಳಿಯಾವೇ ಎಂಬುದು ನಿಶ್ಚಯವಾಗದು.

೧೮೯೬ರಲ್ಲಿ ಫ್ರಾನ್ಸಿನ ಆನ್ರಿ ಪ್ವಾಂಕರೆಯು ಬೇರೊಂದು ಮಾರ್ಗವನ್ನು ಸೂಚಿಸಿದನು. ಹೊರಟಲ್ಲಿಗೇ ಬರುವ ಕಲ್ಪಿತ ಹಾದಿಗಳೆಲ್ಲವನ್ನೂ ಮೊದಲೇ ಎದುರಿಗಿರಿಸಿಕೊಂಡು, ಪ್ರತಿಯೊಂದಕ್ಕೂ ಖರ್ಚಿನ ಲೆಕ್ಕವನ್ನು ಬರೆಯಬೇಕು. ಪ್ರತಿ ಕ್ಷಣದ ಚಲನಶಕ್ತಿಯಿಂದ ಸ್ಥಾನಶಕ್ತಿಯನ್ನು ಕಳೆದು, ಒಂದು ಸುತ್ತು ಮುಗಿಯುವವರೆಗೆ ಕೂಡಿಸಿದ ಮೊತ್ತವೇ ಆ ಖರ್ಚು. ಶಾಸ್ತ್ರದಲ್ಲಿ ಅದಕ್ಕೆ 'ಕ್ರಿಯೆ'ಯೆಂದು ಹೆಸರು. ಹಾದಿಯ ರೂಪಕ್ಕೆ ಕಟ್ಟಳೆಯಿಲ್ಲದಿದ್ದರೆ ಗೋಲಗಳು ದೂರ ದೂರ ಸರಿದು ಸುಮ್ಮನಿರುವುದೇ ಅಗ್ಗವಾದೀತು. ತಕ್ಕ ಕಟ್ಟಳೆಯನ್ನು ವಿಧಿಸಿದರೆ, ಅತ್ಯಂತ ಕಡಿಮೆ ಖರ್ಚಿನ ಹಾದಿಯು, ಅದರಲ್ಲಿ ಡಿಕ್ಕಿಯಿಲ್ಲದಿದ್ದರೆ, ನ್ಯೂಟನ್ನನ ಸಮೀಕರಣಗಳನ್ನು ತಾನಾಗಿಯೇ ಪಾಲಿಸುತ್ತದೆ.

ತೊಡಕಿರುವುದು ಈ ಡಿಕ್ಕಿಯಲ್ಲಿಯೇ. ಗೋಲಗಳು ಒಂದನ್ನೊಂದು ಹಾಯುವಾಗ ಬಲವು ಮಿತಿಮೀರಿ ಬೆಳೆದರೂ ಖರ್ಚು ಮಾತ್ರ ಮಿತಿಯಲ್ಲಿಯೇ ಉಳಿಯುತ್ತದೆ. ಅಗ್ಗದ ಹಾದಿಯೆಂದು ನಾವು ಆರಿಸಿದ್ದು ಅಪಘಾತದ ಹಾದಿಯೇ ಆಗಿದ್ದರೆ? ಇದನ್ನು ತಪ್ಪಿಸಲು ಪ್ವಾಂಕರೆಯು ನಿಜವಾದ ಗುರುತ್ವವನ್ನು ಬಿಟ್ಟು, ದೂರದ ಘನಕ್ಕೆ ವಿಲೋಮವಾದ ಬಲವನ್ನು ಕಲ್ಪಿಸಿಕೊಳ್ಳಬೇಕಾಯಿತು.

೧೯೯೩ರಲ್ಲಿ ಕ್ರಿಸ್ಟೋಫರ್ ಮೂರ್ ಎಂಬವರಿಗೆ ಗಣಕಯಂತ್ರದ ಲೆಕ್ಕದಲ್ಲಿ ಒಂದು ಸೋಜಿಗವು ಕಂಡಿತು. ಸಮತೂಕದ ಮೂರು ಗೋಲಗಳು ಒಂದೇ ಹಾದಿಯಲ್ಲಿ ಒಂದರ ಹಿಂದೊಂದು ಓಡುತ್ತವೆ. ಹಾದಿಯ ಆಕಾರ ಎಂಟು. ನಮ್ಮ ಕನ್ನಡದ ಎಂಟಲ್ಲ, ಇಂಗ್ಲಿಷ್ ಅಂಕಿಯ ಎಂಟು. ಮಧ್ಯಾಹ್ನದ ಊಟದ ಗಲಾಟೆಯಲ್ಲಿ ಮೂವರು ಮಾಣಿಗಳು ತಟ್ಟೆ ಹಿಡಿದು, ನಡುವೆ ಅಡ್ಡಹಾಯುವ ಒಂದೇ ಹಾದಿಯಲ್ಲಿ ಸುತ್ತುತ್ತಲೂ ಎಂದಿಗೂ ಡಿಕ್ಕಿ ಹೊಡೆಯದಿರುವುದನ್ನು ವಾಚಕರು ಊಹಿಸಿಕೊಳ್ಳಲಿ. ಪ್ರತಿಯೊಬ್ಬನೂ ಮುಂದಿನವನಿಗಿಂತ ಸುತ್ತಿನ ಮೂರನೆಯ ಒಂದು ಪಾಲಿನಷ್ಟು ಹೊತ್ತು ಹಿಂದಿರುವುದೇ ಅದರ ಗುಟ್ಟು.

ಇದಕ್ಕೆ ಸಾಧನೆಯನ್ನೊದಗಿಸಿದವರು ಅಲೆನ್ ಶಾನ್ಸಿನೇರ್ ಮತ್ತು ರಿಚರ್ಡ್ ಮಾಂಟ್ಗೊಮೆರಿ ಅವರು, ವರ್ಷ ೨೦೦೦. ಸಮರೂಪತೆಯ ಕಟ್ಟಳೆಯಿಂದ ಅವರು ಸುತ್ತಿನ ಹನ್ನೆರಡನೆಯ ಒಂದು ಪಾಲನ್ನು ಮಾತ್ರ ಪರಿಶೀಲಿಸಿದರು. ಡಿಕ್ಕಿಯಿರುವ ಯಾವ ಹಾದಿಗೇ ಆಗಲಿ ಕನಿಷ್ಠ ಇಷ್ಟು ಖರ್ಚು ತಗಲಲೇಬೇಕೆಂದು ಮೊದಲು ತೋರಿಸಿದರು. ಬಳಿಕ ಡಿಕ್ಕಿಯಿಲ್ಲದ ಹಾದಿಯೊಂದನ್ನು ತಾವೇ ರಚಿಸಿ, ಅದರ ಖರ್ಚು ಅದಕ್ಕಿಂತ ಕಡಿಮೆಯೆಂದು ಲೆಕ್ಕ ಒಪ್ಪಿಸಿದರು. ಆದುದರಿಂದ ಎಲ್ಲಕ್ಕಿಂತ ಅಗ್ಗದ ಹಾದಿಯಲ್ಲಿ ಡಿಕ್ಕಿಯಿರುವುದು ಅಸಂಭವವೆಂದಾಯಿತು.

ಖರ್ಚುಪುಸ್ತಕದ ಎರಡು ಮೊತ್ತಗಳನ್ನು ಹೋಲಿಸಿ ನೋಡುವುದು ನಮ್ಮ ಗುಮಾಸ್ತ ಬಂಧುಗಳಿಗೆ ನಿತ್ಯದ ಕೆಲಸ. ಪ್ವಾಂಕರೆಯನ್ನು ತಡೆದು ನಿಲ್ಲಿಸಿದ್ದ ತೊಡಕು, ನೂರನಾಲ್ಕು ವರ್ಷಗಳ ತರುವಾಯ, ಈ ಎಂಟರ ಹಾದಿಯ ಮಟ್ಟಿಗೆ ಪರಿಹಾರವಾದದ್ದೂ ಅಂಥದೊಂದು ಹೋಲಿಕೆಯಿಂದಲೇ.